ತೋಟದಿಂದ ಹ್ಯಾಂಬರ್ಗ್‌ಗೆ: ಜರ್ಮನಿಯಲ್ಲಿ ಕಂಪನಿ ತೆರೆದು ಅಲ್ಲಿಯವರನ್ನೇ ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಕಾಫಿ ಉದ್ಯಮಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು, ಸಕಲೇಶಪುರದ ಕಡೆಯ ತೋಟದವರು, ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸುವ ಕಾರ್ಖಾನೆ) ನಡೆಸುವವರು ಮತ್ತು ಸ್ವಂತ ಹೆಸರಿನಲ್ಲಿ ಕಾಫಿ ಹುರಿದು ಮಾರುವವರು ಕೇಳುವ ಪ್ರಶ್ನೆಗಳಿವು. ದರ, ಮಿತಿಗಳೆಲ್ಲ 2026ರವು. ಜರ್ಮನ್ ಪದಗಳನ್ನು ಹಾಗೆಯೇ ಬಿಟ್ಟಿದ್ದೇವೆ, ಏಕೆಂದರೆ ಅಲ್ಲಿಂದ ಬರುವ ಪತ್ರಗಳ ತಲೆಬರಹದಲ್ಲಿ ಇರುವುದು ಅವೇ ಪದಗಳು.

ನಾವೀಗಾಗಲೇ ಕಂಟೇನರ್ ಕಳಿಸುತ್ತಿದ್ದೇವೆ. ಕಂಪನಿ ತೆರೆಯಲೇಬೇಕಾ?

ಬೇಕಿಲ್ಲ. 60 ಕೆ.ಜಿ.ಯ 320 ಚೀಲ, ಅಂದರೆ 19.2 ಟನ್ ಹಸಿರು ಬೀಜವನ್ನು 20 ಅಡಿ ಕಂಟೇನರ್‌ಗೆ ತುಂಬಿ ಮಂಗಳೂರು ಬಂದರಿನಲ್ಲಿ ಹಡಗಿಗೆ ಏರಿಸಿಕೊಟ್ಟರೆ ನಿಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯುವ ವ್ಯಾಪಾರವಾದರೆ, ಜರ್ಮನಿಯಲ್ಲಿ ಆಮದುದಾರ ನಿಮ್ಮ ಖರೀದಿದಾರನೇ. ಅಲ್ಲಿನ ತೆರಿಗೆ, ಲೇಬಲ್, ಅರಣ್ಯನಾಶದ ಕಾನೂನು ಎಲ್ಲವೂ ಅವನ ತಲೆಮೇಲೆ.

ಅಲ್ಲಿನ ಗೋದಾಮಿನಲ್ಲಿ ನಿಮ್ಮದೇ ಸರಕು ಇಡಬೇಕು, ಸಣ್ಣ ರೋಸ್ಟರಿಗಳಿಗೆ ಐದು ಹತ್ತು ಚೀಲದಂತೆ ಕೊಡಬೇಕು, ಯೂರೋದಲ್ಲಿ ಅಲ್ಲಿಂದಲೇ ಬಿಲ್ ಮಾಡಬೇಕು ಎನ್ನುವಾಗ ಕಂಪನಿಯ ಮಾತು ಬರುತ್ತದೆ. ವರ್ಷಕ್ಕೆ ಒಂದೆರಡು ಕಂಟೇನರ್ ಹೋಗುವ ತೋಟಕ್ಕೆ ಅಲ್ಲಿನ ಕಂಪನಿಯ ಖರ್ಚು ಹುಟ್ಟುವುದು ಕಷ್ಟ. ಅಂಥವರು ಆಮದುದಾರನ ಜೊತೆಗಿನ ಸಂಬಂಧವನ್ನೇ ಗಟ್ಟಿ ಮಾಡಿಕೊಳ್ಳುವುದು ಲೇಸು.

ಮೊದಲು ಒಬ್ಬರನ್ನು ನೇಮಿಸಿಕೊಂಡು, ವ್ಯಾಪಾರ ಕುದುರಿದ ಮೇಲೆ ಕಂಪನಿ ಮಾಡಿದರೆ ಆಗದೇ?

ಆಗುತ್ತದೆ, ಆದರೆ ಅವರು ಮಾಡುವ ಕೆಲಸ ಏನು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಬ್ಬರು ಸಂಬಳಕ್ಕೆ ಕೆಲಸ ಶುರು ಮಾಡಿದ ದಿನದಿಂದಲೇ ನೀವು ಜರ್ಮನಿಯ ಉದ್ಯೋಗದಾತರು. ಅಲ್ಲಿ ನಿಮ್ಮ ಕಂಪನಿ ಇದೆಯೋ ಇಲ್ಲವೋ ಎಂಬುದು ಇದನ್ನು ಬದಲಿಸುವುದಿಲ್ಲ. ಅಲ್ಲಿನ ಕನಿಷ್ಠ ಕೂಲಿ, ರಜೆ, ಕಾಯಿಲೆಯ ಸಂಬಳ, ಸಾಮಾಜಿಕ ವಿಮೆ ಎಲ್ಲವೂ ಅನ್ವಯಿಸುತ್ತವೆ.

ಜರ್ಮನಿಯಲ್ಲಿ ಕಚೇರಿ ಇಲ್ಲದ ಭಾರತೀಯ ಕಂಪನಿಯೂ ನೇರವಾಗಿ ನೇಮಿಸಿಕೊಳ್ಳಬಹುದು. ಬುಂಡೆಸ್‌ಅಗೆಂಟೂರ್ ಫ್ಯೂರ್ ಆರ್ಬೈಟ್ ಎಂಬ ಅಲ್ಲಿನ ಉದ್ಯೋಗ ಇಲಾಖೆಯಿಂದ ಬೆಟ್ರೀಬ್ಸ್‌ನುಮ್ಮರ್ ಎಂಬ ಎಂಟು ಅಂಕಿಯ ಉದ್ಯೋಗದಾತ ಸಂಖ್ಯೆ ಪಡೆದು ವಿಮೆಯ ಕಂತು ಕಟ್ಟಬೇಕು. ಮಾರುಕಟ್ಟೆ ಅಧ್ಯಯನ, ಸ್ಯಾಂಪಲ್ ಕಳಿಸುವುದು, ಮೇಳಗಳಲ್ಲಿ ನಿಲ್ಲುವುದು ಇಷ್ಟೇ ಆದರೆ ಇದು ಸರಿಹೊಂದುತ್ತದೆ. ಅದೇ ವ್ಯಕ್ತಿ ನಿಮ್ಮ ಪರವಾಗಿ ದರ ನಿಗದಿ ಮಾಡಿ, ಒಪ್ಪಂದ ಕುದುರಿಸುವುದೇ ರೂಢಿಯಾದರೆ ಭಾರತ–ಜರ್ಮನಿ ತೆರಿಗೆ ಒಪ್ಪಂದದ ಪ್ರಕಾರ ನಿಮಗೆ ಅಲ್ಲೊಂದು ಕಾಯಂ ನೆಲೆ ಇದೆ ಎಂದು ತೆರಿಗೆ ಕಚೇರಿ ತೀರ್ಮಾನಿಸಬಹುದು. ಆಗ ಆ ವ್ಯಾಪಾರದ ಲಾಭಕ್ಕೆ ಅಲ್ಲಿ ಹಿಂದಿನಿಂದ ಲೆಕ್ಕ ಹಾಕಿ ತೆರಿಗೆ ಕೇಳುತ್ತಾರೆ. ಇಲ್ಲಿ ಅದಾಗಲೇ ತೆರಿಗೆ ಕಟ್ಟಿದ್ದರೆ ಅದನ್ನು ಸರಿದೂಗಿಸಿಕೊಳ್ಳಲು ವರ್ಷಗಟ್ಟಲೆ ಓಡಾಟ.

ನಮ್ಮ ಸಲಹೆ ಇದು: ಮಾರುವವರನ್ನು ನೇಮಿಸುವುದಾದರೆ ಕಂಪನಿ ಮೊದಲು. ಮಾರುಕಟ್ಟೆ ನೋಡಿ ವರದಿ ಕೊಡುವವರಾದರೆ ವ್ಯಕ್ತಿ ಮೊದಲಾದರೂ ನಡೆದೀತು.

ಕಮಿಷನ್ ಏಜೆಂಟ್ ಇಟ್ಟುಕೊಂಡರೆ ಇದ್ಯಾವ ತಲೆನೋವೂ ಇಲ್ಲವಲ್ಲ?

ಏಜೆಂಟ್ ನಿಜಕ್ಕೂ ಸ್ವತಂತ್ರ ವ್ಯಾಪಾರಿಯಾಗಿದ್ದರೆ ಸರಿ: ಇನ್ನೂ ನಾಲ್ಕಾರು ಕಂಪನಿಗಳ ಸರಕು ಮಾರುತ್ತಾರೆ, ತಮ್ಮ ಹೊತ್ತನ್ನು ತಾವೇ ನಿರ್ಧರಿಸುತ್ತಾರೆ, ನಷ್ಟದ ಹೊಣೆಯೂ ಅವರದೇ. ಹೆಸರಿಗೆ ಏಜೆಂಟ್ ಎಂದು ಬರೆದು, ದಿನಾ ಬೆಳಿಗ್ಗೆ ವರದಿ ಕೇಳಿ, ನಿಮ್ಮ ಇಮೇಲ್ ವಿಳಾಸ ಕೊಟ್ಟು, ತಿಂಗಳಿಗೆ ನಿಗದಿತ ಮೊತ್ತ ಹಾಕುತ್ತಿದ್ದರೆ ಅದಕ್ಕೆ ಅಲ್ಲಿ ಶೈನ್‌ಜೆಲ್ಬ್‌ಷ್ಟೆಂಡಿಗ್‌ಕೈಟ್ ಎನ್ನುತ್ತಾರೆ, ತೋರಿಕೆಯ ಸ್ವಯಂ ಉದ್ಯೋಗ. ಪಿಂಚಣಿ ವಿಮೆಯವರ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ನಾಲ್ಕು ವರ್ಷದ ಬಾಕಿ ಕಂತು ಕಟ್ಟಬೇಕು. ಗೊತ್ತಿದ್ದೂ ಮಾಡಿದ್ದು ಎಂದಾದರೆ 30 ವರ್ಷದವರೆಗೂ ಕೇಳಬಹುದು. ಏಜೆಂಟರ ಪಾಲಿನ ಕಂತನ್ನೂ ಬಹುಪಾಲು ನೀವೇ ತುಂಬಬೇಕಾಗುತ್ತದೆ.

ನಿಜವಾದ ಏಜೆಂಟರಾದರೂ ಒಂದು ಮಾತು. ಒಪ್ಪಂದ ನೀವು ಮುರಿದರೆ, ಅವರು ತಂದುಕೊಟ್ಟ ಗಿರಾಕಿಗಳಿಂದ ನಿಮಗೆ ಲಾಭ ಮುಂದುವರಿಯುವುದಾದರೆ, ಜರ್ಮನ್ ವಾಣಿಜ್ಯ ಸಂಹಿತೆಯ 89ಬಿ ಕಲಮಿನಂತೆ ಪರಿಹಾರ ಕೊಡಬೇಕು. ಹಿಂದಿನ ಐದು ವರ್ಷದ ಸರಾಸರಿಯಲ್ಲಿ ಒಂದು ವರ್ಷದ ಕಮಿಷನ್ ಎಷ್ಟೋ ಅದು ಇದರ ಗರಿಷ್ಠ ಮಿತಿ. ಈ ಹಕ್ಕನ್ನು ಮೊದಲೇ ಬಿಟ್ಟುಕೊಡುವಂತೆ ಬರೆಸಿಕೊಂಡರೆ ಅದು ನಿಲ್ಲುವುದಿಲ್ಲ.

ನಮ್ಮ ಪರವಾಗಿ ಬೇರೆ ಸಂಸ್ಥೆ ನೇಮಿಸಿಕೊಳ್ಳುವ ವ್ಯವಸ್ಥೆ ಇದೆಯಂತೆ?

ಇದೆ. ಎಂಪ್ಲಾಯರ್ ಆಫ್ ರೆಕಾರ್ಡ್ ಎನ್ನುತ್ತಾರೆ. ವ್ಯಕ್ತಿ ಆ ಸಂಸ್ಥೆಯ ನೌಕರ, ಕೆಲಸ ನಿಮ್ಮದು, ತಿಂಗಳಿಗೆ ಸಂಬಳದ ಮೇಲೆ ಶುಲ್ಕ. ಜರ್ಮನಿಯಲ್ಲಿ ಇದನ್ನು ಸಾಮಾನ್ಯವಾಗಿ ನೌಕರರನ್ನು ಎರವಲು ಕೊಡುವ ವ್ಯವಹಾರ ಎಂದೇ ನೋಡುತ್ತಾರೆ. ಅದಕ್ಕೆ ಸರ್ಕಾರದ ಪರವಾನಗಿ ಬೇಕು, ಒಬ್ಬರನ್ನು ಒಂದೇ ಕಡೆ ಸಾಮಾನ್ಯವಾಗಿ 18 ತಿಂಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಸಹಿ ಹಾಕುವ ಮುಂಚೆ ಪರವಾನಗಿಯ ಪ್ರತಿ ಕೇಳಿ ಪಡೆಯಿರಿ. ಪರವಾನಗಿ ಇಲ್ಲದ ಸಂಸ್ಥೆಯಾದರೆ ಆ ವ್ಯಕ್ತಿ ಕಾನೂನಿನ ಕಣ್ಣಲ್ಲಿ ನೇರವಾಗಿ ನಿಮ್ಮ ನೌಕರ ಆಗಿಬಿಡುತ್ತಾರೆ. ಕಾಯಂ ನೆಲೆಯ ತೆರಿಗೆ ಪ್ರಶ್ನೆಯೂ ಇದರಿಂದ ತಪ್ಪುವುದಿಲ್ಲ.

ಜರ್ಮನಿಯೇ ಏಕೆ? ನೆದರ್ಲೆಂಡ್ಸ್, ಐರ್ಲೆಂಡ್ ಸುಲಭವಂತಲ್ಲ?

ಕಾಗದದ ಮಟ್ಟಿಗೆ ಸುಲಭ ಹೌದು. ನೆದರ್ಲೆಂಡ್ಸ್‌ನ ಬಿ.ವಿ. ಕಂಪನಿಗೆ ಒಂದು ಸೆಂಟ್ ಬಂಡವಾಳ ಸಾಕು. ಐರ್ಲೆಂಡ್‌ನಲ್ಲಿ ಎಲ್ಲವೂ ಇಂಗ್ಲಿಷ್, ಆದರೆ ಯುರೋಪಿಯನ್ ಆರ್ಥಿಕ ವಲಯದಲ್ಲಿ ವಾಸಿಸುವ ಒಬ್ಬ ನಿರ್ದೇಶಕ ಇಲ್ಲದಿದ್ದರೆ ಸಾಮಾನ್ಯವಾಗಿ 25,000 ಯೂರೋ ಮೊತ್ತದ ಬಾಂಡ್ ಕೇಳುತ್ತಾರೆ. ಗಿರಾಕಿಗಳು ಎಲ್ಲಿದ್ದಾರೋ ಅಲ್ಲಿ ತೆರೆಯಿರಿ. ಹ್ಯಾಂಬರ್ಗ್, ಬ್ರೆಮೆನ್ ಬಂದರುಗಳಲ್ಲಿ ಕಾಫಿ ಗೋದಾಮು, ರುಚಿ ಪರೀಕ್ಷೆ ಮಾಡುವವರು, ದಲ್ಲಾಳಿಗಳು ತಲೆಮಾರುಗಳಿಂದ ಇದ್ದಾರೆ. ಕೆಲಸ ಗೊತ್ತಿರುವವರು ಸಿಗುವುದೂ ಅಂಥ ಊರಲ್ಲೇ.

ಜಿಎಂಬಿಎಚ್ ಮಾಡೋಣವೋ, ಯುಜಿ ಮಾಡೋಣವೋ?

ಎರಡೂ ಸೀಮಿತ ಹೊಣೆಗಾರಿಕೆಯ ಕಂಪನಿಗಳೇ. ಜಿಎಂಬಿಎಚ್‌ಗೆ 25,000 ಯೂರೋ ಷೇರು ಬಂಡವಾಳ, ನೋಂದಣಿಗೆ ಮುಂಚೆ ಕನಿಷ್ಠ 12,500 ಯೂರೋ ಬ್ಯಾಂಕಿನಲ್ಲಿ ಬಿದ್ದಿರಬೇಕು. ಯುಜಿಯನ್ನು ಒಂದು ಯೂರೋದಿಂದ ಶುರು ಮಾಡಬಹುದು, ಆದರೆ ಬಂಡವಾಳ 25,000 ಯೂರೋ ಮುಟ್ಟಿಸುವ ತನಕ ಪ್ರತಿ ವರ್ಷದ ಲಾಭದಲ್ಲಿ ಕಾಲು ಭಾಗ ಮೀಸಲಿಡಬೇಕು. ಗೋದಾಮಿನವರು, ಸಾಗಣೆಯವರು ಯುಜಿ ಎಂಬ ಎರಡಕ್ಷರ ನೋಡಿದ ಕೂಡಲೇ ಮುಂಗಡ ಕೇಳುತ್ತಾರೆ. ಕಂಟೇನರ್ ಕಾಫಿ ತರಿಸುವ ಕಂಪನಿಗೆ ಹೇಗಿದ್ದರೂ ದುಡಿಯುವ ಬಂಡವಾಳ ಇದಕ್ಕಿಂತ ಎಷ್ಟೋ ಹೆಚ್ಚು ಬೇಕು. ಹಾಗಾಗಿ ಕಾಫಿಯವರಿಗೆ ಜಿಎಂಬಿಎಚ್ ಸರಿ. ಆ ಬಂಡವಾಳ ಬ್ಯಾಂಕಿನಲ್ಲಿ ಸುಮ್ಮನೆ ಕೊಳೆಯಬೇಕಿಲ್ಲ, ನೋಂದಣಿಯ ನಂತರ ವ್ಯಾಪಾರಕ್ಕೆ ಬಳಸಬಹುದು.

ಇಲ್ಲಿಂದ ಬಂಡವಾಳ ಕಳಿಸುವುದು ಹೇಗೆ? ನಮ್ಮ ತೋಟ ಕುಟುಂಬದ ಹೆಸರಲ್ಲಿದೆ.

ಮಲೆನಾಡಿನವರು ಹೆಚ್ಚು ಎಡವುವುದು ಇಲ್ಲೇ. 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಸಾಗರೋತ್ತರ ಹೂಡಿಕೆ ನಿಯಮಗಳಲ್ಲಿ ಭಾರತೀಯ ಸಂಸ್ಥೆ ಎಂದರೆ ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ), ನೋಂದಾಯಿತ ಪಾಲುದಾರಿಕೆ ಮುಂತಾದವು. ಹಿಂದೂ ಅವಿಭಕ್ತ ಕುಟುಂಬ ಆ ಪಟ್ಟಿಯಲ್ಲಿಲ್ಲ. ತೋಟದ ಲೆಕ್ಕ ಕುಟುಂಬದ ಪ್ಯಾನ್‌ನಲ್ಲಿ ನಡೆಯುತ್ತಿದ್ದರೆ ಆ ಖಾತೆಯಿಂದ ಜರ್ಮನಿಯ ಷೇರಿಗೆ ಹಣ ಹಾಕಲಾಗದು. ಬಾಯಿಮಾತಿನ, ನೋಂದಣಿಯಾಗದ ಪಾಲುದಾರಿಕೆಗೂ ಇದೇ ಗತಿ.

ಎರಡು ದಾರಿ ಉಳಿಯುತ್ತವೆ. ಒಂದು, ವ್ಯಾಪಾರಕ್ಕೆ ಇಲ್ಲೊಂದು ಕಂಪನಿಯೋ ಎಲ್‌ಎಲ್‌ಪಿಯೋ ಮಾಡಿ ಅದರಿಂದ ಹೂಡುವುದು. ಅದರ ಕೊನೆಯ ಲೆಕ್ಕಪರಿಶೋಧಿತ ನಿವ್ವಳ ಮೌಲ್ಯದ 400 ಪ್ರತಿಶತದವರೆಗೆ ಹೂಡಿಕೆಗೆ ಅವಕಾಶವಿದೆ. ಆದರೆ ಹೊಸ ಕಂಪನಿಯ ನಿವ್ವಳ ಮೌಲ್ಯವೇ ಒಂದು ಲಕ್ಷವಾದರೆ ನಾಲ್ಕು ಲಕ್ಷ ಮಾತ್ರ ಹೊರಗೆ ಹೋದೀತು. ಆದ್ದರಿಂದ ಇಲ್ಲಿನ ಕಂಪನಿಗೆ ಮೊದಲು ಸಾಕಷ್ಟು ಬಂಡವಾಳ ತುಂಬಿ, ಲೆಕ್ಕಪರಿಶೋಧನೆ ಮುಗಿಸಿಕೊಳ್ಳಬೇಕು. ಇನ್ನೊಂದು, ವ್ಯಕ್ತಿಯಾಗಿ ಉದಾರೀಕೃತ ರವಾನೆ ಯೋಜನೆಯಲ್ಲಿ ವರ್ಷಕ್ಕೆ 2,50,000 ಡಾಲರ್ ಒಳಗೆ ಕಳಿಸುವುದು. ಇದರಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20 ಪ್ರತಿಶತ ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದು ಜಮೆಯಾಗುತ್ತದಾದರೂ ಅಲ್ಲಿಯವರೆಗೆ ದುಡ್ಡು ಕಟ್ಟಿಬಿದ್ದಂತೆ. ನಿಮ್ಮ ಹಿಡಿತದ ಆ ಜರ್ಮನ್ ಕಂಪನಿ ಮುಂದೆ ತನ್ನದೇ ಅಂಗಸಂಸ್ಥೆ ತೆರೆಯುವಂತೆಯೂ ಇಲ್ಲ.

ಯಾವ ದಾರಿಯಾದರೂ ವಿದೇಶಿ ವಿನಿಮಯದ ಅಧಿಕಾರವಿರುವ ಒಂದೇ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ, ರಿಸರ್ವ್ ಬ್ಯಾಂಕಿನ ವಿಶಿಷ್ಟ ಗುರುತಿನ ಸಂಖ್ಯೆ ಪಡೆದೇ ಹಣ ಕಳಿಸಬೇಕು. ಊರಿನ ಶಾಖೆಯವರಿಗೆ ಈ ಕಡತ ಹೊಸದಾಗಿರಬಹುದು. ವಿದೇಶಿ ವಿನಿಮಯ ನೋಡುವ ಶಾಖೆ ಯಾವುದು, ಅಲ್ಲಿ ಯಾರು ನೋಡುತ್ತಾರೆ ಎಂದು ಮೊದಲೇ ವಿಚಾರಿಸಿ. ರಫ್ತು ಬಿಲ್ಲಿನ ಹಣವನ್ನು ಅಲ್ಲಿಯೇ ಉಳಿಸಿಕೊಂಡು ಬಂಡವಾಳ ಮಾಡಿಕೊಳ್ಳುವ ಯೋಚನೆ ಬೇಡವೇ ಬೇಡ. ಅದು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಉಲ್ಲಂಘನೆ.

ನಮ್ಮ ಕಾಗದಗಳಿಗೆ ಅಪಾಸ್ಟೀಲ್ (ವಿದೇಶದಲ್ಲಿ ಬಳಸಲು ಸರ್ಕಾರ ಹಾಕುವ ದೃಢೀಕರಣ ಮುದ್ರೆ) ಮಾಡಿಸಿದರೆ ಸಾಕೇ?

ಸಾಕು ಎಂದುಕೊಂಡು ಹೋದವರು ನೋಟರಿ ಕಚೇರಿಯಿಂದ ವಾಪಸ್ಸು ಬರುತ್ತಾರೆ. ಭಾರತ ಅಪಾಸ್ಟೀಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಅದಕ್ಕೆ ಆಕ್ಷೇಪ ಸಲ್ಲಿಸಿತ್ತು. ಹಾಗಾಗಿ ಬೇರೆ ದೇಶಗಳಲ್ಲಿ ಚಲಾವಣೆಯಾಗುವ ಆ ಮುದ್ರೆಯನ್ನು ಜರ್ಮನಿಯಲ್ಲಿ ನಂಬಿ ಕೂರಬೇಡಿ. ಕಂಪನಿ ನೋಂದಣಿ ಪತ್ರ, ನಿರ್ದೇಶಕರ ಮಂಡಳಿಯ ನಿರ್ಣಯ, ಪಾಸ್‌ಪೋರ್ಟ್ ಪ್ರತಿ ಇವುಗಳಲ್ಲಿ ಯಾವುದಕ್ಕೆ ಯಾವ ದೃಢೀಕರಣ ಬೇಕು ಎಂದು ಜರ್ಮನಿಯ ನಿಮ್ಮ ನೋಟರಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅಧಿಕಾರ ಪತ್ರದ ಸಹಿಯನ್ನು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ನಲ್ಲಿ ಅಧಿಕಾರಿಯ ಎದುರೇ ಹಾಕುವುದು ನಂಬಿಕೆಯ ದಾರಿ. ಅಪಾಯಿಂಟ್‌ಮೆಂಟ್ ಬೇಕು, ಸಹಿ ಹಾಕುವವರೆಲ್ಲ ಖುದ್ದು ಹೋಗಬೇಕು. ಜರ್ಮನ್ ಭಾಷೆಗೆ ಅನುವಾದವನ್ನು ಪ್ರಮಾಣ ಪಡೆದ ಅನುವಾದಕರಿಂದಲೇ ಮಾಡಿಸಿ.

ಹೆಸರಿನ ಕಾಗುಣಿತವನ್ನು ಇನ್ನೊಮ್ಮೆ ನೋಡಿ. ಪಾಸ್‌ಪೋರ್ಟ್‌ನಲ್ಲಿ ಪೂರ್ಣ ಹೆಸರು, ಪ್ಯಾನ್‌ನಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ, ಕಂಪನಿ ಕಾಗದದಲ್ಲಿ ಊರಿನ ಹೆಸರೂ ಸೇರಿ ಇನ್ನೊಂದು ಬಗೆ ಇರುವುದು ನಮ್ಮಲ್ಲಿ ಮಾಮೂಲು. ಅಲ್ಲಿನ ಬ್ಯಾಂಕಿಗೆ ಅವು ಮೂವರು ಬೇರೆ ಬೇರೆ ಜನ.

ನೋಂದಣಿ ಯಾವ ಕ್ರಮದಲ್ಲಿ ನಡೆಯುತ್ತದೆ?

ಹೆಸರು ಸಿಗುತ್ತದೆಯೇ ಎಂದು ಆ ಊರಿನ ವಾಣಿಜ್ಯ ಮಂಡಳಿ ಐಎಚ್‌ಕೆಯಲ್ಲಿ ಕೇಳುವುದು ಮೊದಲು. ಆಮೇಲೆ ನೋಟರಿಯ ಮುಂದೆ ಕಂಪನಿಯ ಕರಾರು ಮತ್ತು ಗೆಷೆಫ್ಟ್ಸ್‌ಫ್ಯೂರರ್, ಅಂದರೆ ವ್ಯವಸ್ಥಾಪಕ ನಿರ್ದೇಶಕರ ನೇಮಕ. ನಂತರ ಬ್ಯಾಂಕ್ ಖಾತೆ, ಬಂಡವಾಳ ಜಮೆ, ನೋಟರಿ ಮೂಲಕ ಹಾಂಡೆಲ್ಸ್‌ರೆಗಿಸ್ಟರ್ ಎಂಬ ಕಂಪನಿ ನೋಂದಣಿ ಪುಸ್ತಕಕ್ಕೆ ಅರ್ಜಿ. ಬಳಿಕ ಗೆವೆರ್ಬೆಆಮ್ಟ್ ಎಂಬ ವ್ಯಾಪಾರ ಕಚೇರಿಯಲ್ಲಿ ವ್ಯಾಪಾರದ ನೋಂದಣಿ, ಫಿನಾಂಟ್ಸ್‌ಆಮ್ಟ್ ಎಂಬ ತೆರಿಗೆ ಕಚೇರಿಗೆ ಎಲ್‌ಸ್ಟರ್ ಜಾಲತಾಣದಲ್ಲಿ ತೆರಿಗೆ ಪ್ರಶ್ನಾವಳಿ, 25 ಪ್ರತಿಶತಕ್ಕಿಂತ ಹೆಚ್ಚು ಪಾಲು ಇರುವವರ ಹೆಸರು ನಿಜ ಮಾಲೀಕರ ಪಟ್ಟಿಯಾದ ಟ್ರಾನ್ಸ್‌ಪರೆಂಟ್ಸ್‌ರೆಗಿಸ್ಟರ್‌ನಲ್ಲಿ. ಕಾಫಿ ಆಮದು ಮಾಡಲು ಕಸ್ಟಮ್ಸ್‌ನಿಂದ ಇಒಆರ್‌ಐ ಎಂಬ ಆಮದು-ರಫ್ತುದಾರರ ಗುರುತಿನ ಸಂಖ್ಯೆ. ನೌಕರರಿಗಾಗಿ ಬೆಟ್ರೀಬ್ಸ್‌ನುಮ್ಮರ್, ಅಪಘಾತ ವಿಮೆಗೆ ಬೆರೂಫ್ಸ್‌ಗೆನೊಸೆನ್‌ಶಾಫ್ಟ್‌ನಲ್ಲಿ ಒಂದು ವಾರದೊಳಗೆ ನೋಂದಣಿ.

ಕಗ್ಗಂಟಾಗುವುದು ಬ್ಯಾಂಕ್ ಖಾತೆ. ಷೇರುದಾರರು ಭಾರತದಲ್ಲಿದ್ದಾರೆ, ಹಣ ಎಲ್ಲಿಂದ ಬಂತು, ಕೊನೆಗೆ ಮಾಲೀಕರು ಯಾರು ಎಂದು ಕೆದಕಿ ಕೇಳುತ್ತಾರೆ. ಮೂರು ವರ್ಷದ ಲೆಕ್ಕಪತ್ರ, ರಫ್ತು ಬಿಲ್ಲುಗಳು, ಕಾಫಿ ಬೋರ್ಡಿನ ರಫ್ತುದಾರ ನೋಂದಣಿ, ಇಂಗ್ಲಿಷ್‌ನಲ್ಲಿ ಎರಡು ಪುಟದ ವ್ಯಾಪಾರ ವಿವರ ಒಟ್ಟಿಗೆ ಕಟ್ಟಿಟ್ಟುಕೊಂಡು ಹೋಗಿ. ಎರಡು ಬ್ಯಾಂಕುಗಳಲ್ಲಿ ಏಕಕಾಲಕ್ಕೆ ಮಾತಾಡಿ. ನೋಂದಣಿ ಆಗುವ ಮೊದಲು ಕಂಪನಿ ಹೆಸರಲ್ಲಿ ಗೋದಾಮು, ಬಾಡಿಗೆ, ಕೆಲಸದ ಕರಾರುಗಳಿಗೆ ಸಹಿ ಹಾಕಿದರೆ ಸಹಿ ಹಾಕಿದವರೇ ಸ್ವಂತ ಆಸ್ತಿಯಿಂದ ಹೊಣೆ.

ನೋಂದಣಿ ಆದ ವಾರದಲ್ಲೇ ಸರ್ಕಾರಿ ಬಿಲ್ಲುಗಳು ಬಂದಿವೆ. ಕಟ್ಟಬೇಕೇ?

ಕಟ್ಟುವ ಮುಂಚೆ ನೋಟರಿಗೆ ತೋರಿಸಿ. ರಿಜಿಸ್ಟರ್‌ನಲ್ಲಿ ಹೊಸ ಹೆಸರು ಪ್ರಕಟವಾದ ಕೂಡಲೇ ಹದ್ದಿನ ಮುದ್ರೆ, ಕಡತ ಸಂಖ್ಯೆ ಹಾಕಿದ ನಕಲಿ ಬಿಲ್ಲುಗಳು ಬರುತ್ತವೆ. ಬ್ಯಾಂಕ್ ಖಾತೆ ಬೇರೆ ದೇಶದ್ದಾಗಿದ್ದರೆ ಬಹುತೇಕ ಮೋಸವೇ.

ಒಬ್ಬರಿಗೆ ತಿಂಗಳಿಗೆ 3,500 ಯೂರೋ ಎಂದರೆ ನಮಗೆ ಬೀಳುವುದೆಷ್ಟು?

ಒಟ್ಟು ಸಂಬಳ 3,500 ಎಂದು ಹಿಡಿಯೋಣ. ಇದರ ಮೇಲೆ ನಿಮ್ಮ ಪಾಲು ಹೀಗೆ. ಪಿಂಚಣಿ ವಿಮೆ 9.3 ಪ್ರತಿಶತ, 325.50 ಯೂರೋ. ನಿರುದ್ಯೋಗ ವಿಮೆ 1.3 ಪ್ರತಿಶತ, 45.50. ಆರೈಕೆ ವಿಮೆ 1.8 ಪ್ರತಿಶತ, 63. ಆರೋಗ್ಯ ವಿಮೆ 7.3 ಪ್ರತಿಶತದ ಜೊತೆಗೆ ಹೆಚ್ಚುವರಿ ಕಂತಿನ ಅರ್ಧ. ಸರಾಸರಿ ಹೆಚ್ಚುವರಿ ಕಂತು 2.9 ಎಂದುಕೊಂಡರೆ ಒಟ್ಟು 8.75 ಪ್ರತಿಶತ, 306.25. ಕೂಡಿದರೆ 740.25 ಯೂರೋ.

ಇಷ್ಟಕ್ಕೇ ಮುಗಿಯದು. 30 ಮಂದಿಯವರೆಗಿನ ಸಂಸ್ಥೆಗಳು ಯು1 ಎಂಬ ಕಂತು ಕಟ್ಟಬೇಕು. ನೌಕರರು ಕಾಯಿಲೆ ಬಿದ್ದಾಗ ನೀವು ಕೊಟ್ಟ ಸಂಬಳದಲ್ಲಿ ಒಂದು ಪಾಲನ್ನು ಇದು ಹಿಂದಿರುಗಿಸುತ್ತದೆ, ಆದರೆ ಅರ್ಜಿ ಹಾಕಿದರೆ ಮಾತ್ರ. ಹೆರಿಗೆಗೆ ಯು2, ದಿವಾಳಿ ವಿಮೆಗೆ 0.15 ಪ್ರತಿಶತ, ಜೊತೆಗೆ ಅಪಘಾತ ವಿಮೆ. ವರ್ಷಕ್ಕೆ 42,000 ಸಂಬಳದವರು ನಿಮಗೆ 52,000 ಯೂರೋ ಹತ್ತಿರ ಬೀಳುತ್ತಾರೆ. ನೌಕರರ ಪಾಲಿನ ಕಂತು, ಆದಾಯ ತೆರಿಗೆ ಅವರ 3,500ರಲ್ಲಿ ಕಡಿತವಾಗುತ್ತವೆ. ಕೈಗೆ ಎಷ್ಟು ಸಿಗುತ್ತದೆ ಎಂಬುದು ಅವರ ತೆರಿಗೆ ವರ್ಗದ ಮೇಲೆ ಹೋಗುತ್ತದೆ. ಆದ್ದರಿಂದ ಸಂದರ್ಶನದಲ್ಲಿ ಕೈಗೆ ಸಿಗುವ ಮೊತ್ತದ ಮಾತು ಕೊಡಬೇಡಿ, ಒಟ್ಟು ಮೊತ್ತವನ್ನೇ ಹೇಳಿ.

ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ, 2027ರ ಜನವರಿಯಿಂದ 14.60. ವಾರಕ್ಕೆ 40 ಗಂಟೆಯ ಕೆಲಸಕ್ಕೆ ಈಗ ತಿಂಗಳಿಗೆ ಸುಮಾರು 2,409 ಯೂರೋ ಆಯಿತು. ಕಾಫಿ ಗೊತ್ತಿರುವ ಮಾರಾಟದವರು ಆ ಮೊತ್ತಕ್ಕೆ ಬರುವುದಿಲ್ಲ.

ಸಂಬಳದ ಲೆಕ್ಕ ನಮ್ಮ ಹಾಸನದ ಅಕೌಂಟೆಂಟೇ ಮಾಡಬಹುದಲ್ಲ?

ಬೇಡ. ಅಲ್ಲಿನ ಷ್ಟೋಯರ್‌ಬೆರಾಟರ್, ಅಂದರೆ ತೆರಿಗೆ ಸಲಹೆಗಾರರ ಕಚೇರಿಗೋ ಸಂಬಳ ಲೆಕ್ಕದ ಕಚೇರಿಗೋ ಕೊಡಿ. ಕಾರಣ ದಿನಾಂಕಗಳು. ವಿಮೆಯ ಕಂತು ತಿಂಗಳು ಮುಗಿಯುವ ಮೊದಲೇ, ಕೊನೆಯಿಂದ ಮೂರನೆಯ ಬ್ಯಾಂಕ್ ಕೆಲಸದ ದಿನ, ವಿಮಾ ಸಂಸ್ಥೆಯ ಖಾತೆಗೆ ಬಿದ್ದಿರಬೇಕು. ಲೆಕ್ಕದ ವಿವರ ಅದಕ್ಕೂ ಎರಡು ದಿನ ಮೊದಲು ಹೋಗಬೇಕು. ನಮ್ಮ ಪಿಎಫ್ ಹಾಗೆ ಮುಂದಿನ ತಿಂಗಳ 15ರವರೆಗೆ ಕಾಯುವುದಿಲ್ಲ. ಸಂಬಳದ ತೆರಿಗೆ ಮಾತ್ರ ಮುಂದಿನ ತಿಂಗಳ 10ಕ್ಕೆ. ಇಲ್ಲಿಂದ ಪ್ರತಿ ತಿಂಗಳೂ ಹಣ ಕಳಿಸಿ ಸಂಬಳ ಕೊಡುವ ಪದ್ಧತಿಯಲ್ಲಿ ಒಂದು ರಜೆ ಅಡ್ಡ ಬಂದರೂ ದಂಡ ಬೀಳುತ್ತದೆ. ಮೂರು ತಿಂಗಳ ಸಂಬಳದಷ್ಟು ಹಣ ಅಲ್ಲಿನ ಖಾತೆಯಲ್ಲಿ ಸದಾ ಇರಲಿ.

ಹೊಸಬರಿಂದ ತೆರಿಗೆ ಗುರುತಿನ ಸಂಖ್ಯೆ, ಸಾಮಾಜಿಕ ವಿಮೆ ಸಂಖ್ಯೆ, ಬ್ಯಾಂಕ್ ವಿವರ, ಯಾವ ಕ್ರಾಂಕೆನ್‌ಕಾಸೆ (ಆರೋಗ್ಯ ವಿಮಾ ಸಂಸ್ಥೆ) ಎಂಬ ನಾಲ್ಕನ್ನೂ ಮೊದಲ ದಿನಕ್ಕೆ ಮುಂಚೆ ಪಡೆಯಿರಿ. ಆರೋಗ್ಯ ವಿಮೆ ಯಾವುದು ಎಂದು ಆರಿಸುವ ಹಕ್ಕು ನೌಕರರದು.

ಕೆಲಸದ ಜಾಹೀರಾತಿನಲ್ಲಿ ಏನು ಬರೆಯಬಾರದು?

ವಯಸ್ಸು, ಲಿಂಗ, ಮದುವೆ, ಮೂಲ ಯಾವುದನ್ನೂ ಬರೆಯಬಾರದು. "ಯುವ ಉತ್ಸಾಹಿಗಳು ಬೇಕು", "ಜರ್ಮನ್ ಮಾತೃಭಾಷೆಯವರು ಮಾತ್ರ", "ಕನ್ನಡಿಗರಿಗೆ ಆದ್ಯತೆ" ಇವೆಲ್ಲ ಸಮಾನ ನಡವಳಿಕೆಯ ಕಾನೂನಿನಡಿ ಪರಿಹಾರದ ದಾವೆಗೆ ದಾರಿ ಮಾಡಿಕೊಡುತ್ತವೆ. ಬೇಕಿರುವ ಕೌಶಲ ಬರೆಯಿರಿ: ಜರ್ಮನ್ ಚೆನ್ನಾಗಿ ಬರಬೇಕು, ಇಂಗ್ಲಿಷ್ ಬರಬೇಕು, ಕಪ್ಪಿಂಗ್ (ಕಾಫಿಯ ರುಚಿ ಪರೀಕ್ಷೆ) ಗೊತ್ತಿರಬೇಕು. ಮಕ್ಕಳ ಯೋಜನೆ ಇದೆಯೇ ಎಂದು ಸಂದರ್ಶನದಲ್ಲಿ ಕೇಳಲೇಬಾರದು. ಸಂಬಳದ ವ್ಯಾಪ್ತಿಯನ್ನು ಸಂದರ್ಶನಕ್ಕೆ ಮೊದಲೇ ತಿಳಿಸಬೇಕು, ಹಿಂದಿನ ಸಂಬಳ ಕೇಳಬಾರದು ಎನ್ನುವ ಯುರೋಪಿಯನ್ ನಿರ್ದೇಶನವನ್ನು ಕಾನೂನಾಗಿಸಲು ಸದಸ್ಯ ದೇಶಗಳಿಗೆ ಕೊಟ್ಟ ಗಡುವು 2026ರ ಜೂನ್ 7. ಆಯ್ಕೆಯಾಗದವರ ಅರ್ಜಿಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವುದು ದತ್ತಾಂಶ ರಕ್ಷಣಾ ಕಾನೂನಿನ ಉಲ್ಲಂಘನೆ.

ಎರಡು ವರ್ಷದ ಕರಾರಿನ ಮೇಲೆ ತೆಗೆದುಕೊಳ್ಳಬಹುದೇ?

ಕಾರಣ ಹೇಳದೆ ಎರಡು ವರ್ಷದ ಅವಧಿ ಕರಾರು ಮಾಡಬಹುದು, ಆ ಎರಡು ವರ್ಷದೊಳಗೆ ಮೂರು ಸಲ ವಿಸ್ತರಿಸಬಹುದು. ಹೊಸ ಕಂಪನಿಯಾದರೆ ಮೊದಲ ನಾಲ್ಕು ವರ್ಷ ಈ ಮಿತಿಯೂ ನಾಲ್ಕು ವರ್ಷಕ್ಕೆ ಏರುತ್ತದೆ.

ಎಡವುವುದು ಸಹಿಯಲ್ಲಿ. ಅವಧಿ ಕರಾರಿಗೆ ಎರಡೂ ಕಡೆಯವರು ಶಾಯಿಯಲ್ಲಿ, ಇಲ್ಲವೇ ಕಾನೂನು ಒಪ್ಪುವ ಅರ್ಹ ಎಲೆಕ್ಟ್ರಾನಿಕ್ ವಿಧಾನದಲ್ಲಿ, ಸಹಿ ಹಾಕಿರಬೇಕು, ಅದೂ ಕೆಲಸ ಶುರುವಾಗುವ ಮುಂಚೆ. ಚಿಕ್ಕಮಗಳೂರಿನಿಂದ ಸ್ಕ್ಯಾನ್ ಮಾಡಿ ಕಳಿಸಿದ ಸಹಿ ನಡೆಯದು. ಕೊರಿಯರ್ ತಡವಾಯಿತೆಂದು ಸೋಮವಾರ ಕೆಲಸಕ್ಕೆ ಸೇರಿಸಿಕೊಂಡು ಗುರುವಾರ ಸಹಿ ಮಾಡಿದರೆ ಆ ನೌಕರರು ಕಾಯಂ. ಅವಧಿ ಇಲ್ಲದ ಸಾಮಾನ್ಯ ಕರಾರಿನ ಷರತ್ತುಗಳನ್ನು 2025ರಿಂದ ಇಮೇಲ್‌ನಲ್ಲೂ ಕೊಡಬಹುದು, ಆ ಸಡಿಲಿಕೆ ಅವಧಿ ಷರತ್ತಿಗೆ ಇಲ್ಲ.

ಕೆಲಸ ಸರಿಬರದಿದ್ದರೆ ಬಿಡಿಸುವುದು ಹೇಗೆ?

ಆರು ತಿಂಗಳವರೆಗೆ ಪರೀಕ್ಷಾ ಅವಧಿ ಇಡಬಹುದು. ಅದರೊಳಗೆ ಎರಡು ವಾರದ ನೋಟಿಸ್ ಸಾಕು. ಆಮೇಲೆ ನಾಲ್ಕು ವಾರ, ಅದೂ ತಿಂಗಳ 15ಕ್ಕೋ ಕೊನೆಗೋ ಮುಗಿಯುವಂತೆ. ಸೇವೆಯ ವರ್ಷ ಹೆಚ್ಚಿದಂತೆ ನಿಮ್ಮ ಕಡೆಯ ನೋಟಿಸ್ ಉದ್ದವಾಗುತ್ತದೆ. ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ ಆರು ತಿಂಗಳಾದ ಮೇಲೆ ಕಾನೂನು ಒಪ್ಪುವ ಕಾರಣವೂ ಬೇಕು. ನೋಟಿಸ್ ಕಾಗದದಲ್ಲಿ, ಶಾಯಿ ಸಹಿಯಲ್ಲಿ, ಅವರ ಕೈ ಸೇರಬೇಕು. ಇಮೇಲ್, ವಾಟ್ಸ್‌ಆ್ಯಪ್, ಫೋನ್ ಮಾತು ಯಾವುದೂ ಊರ್ಜಿತವಲ್ಲ. ಮೂರು ವಾರದೊಳಗೆ ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು.

ನಮಗೆ ಡಿಸೆಂಬರ್‌ನಲ್ಲಿ ಹಣ್ಣು ಕೊಯ್ಲಿನ ಗಡಿಬಿಡಿ. ಅವರು ಆಗಲೇ ರಜೆ ಹಾಕುತ್ತಾರಲ್ಲ?

ಹೌದು. ವಾರಕ್ಕೆ ಐದು ದಿನದ ಕೆಲಸಕ್ಕೆ ಕಾನೂನಿನ ಕನಿಷ್ಠ ರಜೆ ವರ್ಷಕ್ಕೆ 20 ದಿನ. ರೂಢಿಯಲ್ಲಿ 25ರಿಂದ 30 ಕೊಡುತ್ತಾರೆ, ಕಡಿಮೆ ಕೊಟ್ಟರೆ ಒಳ್ಳೆಯವರು ಬರುವುದಿಲ್ಲ. ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳ, ರಜೆಯಲ್ಲಿರುವಾಗಲೇ ಕಾಯಿಲೆಯಾಗಿ ವೈದ್ಯರ ಪತ್ರ ಇದ್ದರೆ ಆ ದಿನಗಳು ರಜೆಯ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ ಎಂಟು ಗಂಟೆ, ಹೆಚ್ಚೆಂದರೆ ಹತ್ತು, ಎರಡು ಪಾಳಿಯ ನಡುವೆ 11 ಗಂಟೆ ಬಿಡುವು.

ಅವರ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಕಣದ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ನೀವು ಫೋನ್ ಮಾಡುವಾಗ ಅಲ್ಲಿ ಐದೂವರೆ, ಅವರು ಮನೆಗೆ ಹೊರಟಿರುತ್ತಾರೆ. ನಮ್ಮ ಮಧ್ಯಾಹ್ನ ಎರಡೂವರೆಗೆ ದಿನಾ ಅರ್ಧ ಗಂಟೆ ಮಾತುಕತೆ ಎಂದು ಗೊತ್ತು ಮಾಡಿಕೊಳ್ಳಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿ ನಿಂತರೆ ಅದನ್ನು ಅದೇ ದಿನ ಅವರಿಗೆ ತಿಳಿಸಿ. ಗಿರಾಕಿಗೆ ಮುಖ ತೋರಿಸಬೇಕಾದವರು ಅವರು.

ಕ್ರಿಸ್‌ಮಸ್ ಬೋನಸ್ ಕೊಡಲೇಬೇಕೆಂಬ ಕಾನೂನಿಲ್ಲ. ಆದರೆ ಷರತ್ತು ಬರೆಯದೆ ಸತತ ಮೂರು ವರ್ಷ ಕೊಟ್ಟರೆ ಅದು ಹಕ್ಕಾಗುತ್ತದೆ.

ವಾರಾಂತ್ಯದ ಮಾರುಕಟ್ಟೆಯಲ್ಲಿ ಕಾಫಿ ರುಚಿ ತೋರಿಸಲು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದೇ?

ಮಿನಿಜಾಬ್ ಪದ್ಧತಿ ಅದಕ್ಕೆಂದೇ ಇದೆ. ತಿಂಗಳಿಗೆ 603 ಯೂರೋವರೆಗೆ, ಅಂದರೆ ಕನಿಷ್ಠ ಕೂಲಿಯಲ್ಲಿ 43 ಗಂಟೆ. ನೀವು ಸುಮಾರು 30 ಪ್ರತಿಶತ ಒಟ್ಟು ಕಂತನ್ನು ಮಿನಿಜಾಬ್ ಕೇಂದ್ರಕ್ಕೆ ಕಟ್ಟಬೇಕು. ಗಂಟೆಗಳನ್ನು ಏಳು ದಿನದೊಳಗೆ ಬರೆದಿಡಬೇಕು, ಕಸ್ಟಮ್ಸ್‌ನವರು ಬಂದು ಆ ಪುಸ್ತಕ ಕೇಳುತ್ತಾರೆ. ಇವರಿಗೂ ರಜೆ, ಕಾಯಿಲೆಯ ಸಂಬಳ ಉಂಟು.

ನೇಮಕದ ಗೊಡವೆಯೇ ಬೇಡ, ಮಗಳನ್ನೋ ಮಗನನ್ನೋ ಕಳಿಸಿದರೆ?

ಷೆಂಗೆನ್ ಬಿಸಿನೆಸ್ ವೀಸಾದಲ್ಲಿ 180 ದಿನಕ್ಕೆ 90 ದಿನ, ಗಿರಾಕಿಗಳ ಭೇಟಿ, ಮೇಳ, ಮಾತುಕತೆಗಳಿಗೆ ಮಾತ್ರ. ಗೋದಾಮಿನಲ್ಲಿ ಚೀಲ ಎತ್ತುವುದು, ಮಳಿಗೆಯಲ್ಲಿ ಮಾರುವುದು ಕೆಲಸ ಎನಿಸಿಕೊಳ್ಳುತ್ತದೆ, ಅದಕ್ಕೆ ಬೇರೆ ವೀಸಾ. ನಿಮ್ಮ ಭಾರತೀಯ ಕಂಪನಿಯಲ್ಲಿ ಕನಿಷ್ಠ ಆರು ತಿಂಗಳು ವ್ಯವಸ್ಥಾಪಕರೋ ತಜ್ಞರೋ ಆಗಿದ್ದರೆ ಕಂಪನಿಯೊಳಗಿನ ವರ್ಗಾವಣೆಗೆ ಕೊಡುವ ಐಸಿಟಿ ಕಾರ್ಡ್ ಮೇಲೆ ಮೂರು ವರ್ಷದವರೆಗೆ ಇರಬಹುದು. ಓದಿದ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿಗೆ ಪದವಿ ಜೊತೆಗೆ ವರ್ಷಕ್ಕೆ ಸಾಮಾನ್ಯವಾಗಿ 50,700 ಯೂರೋ ಸಂಬಳ ಬೇಕು. ಇಲ್ಲಿಂದ ನಿಯೋಜನೆ ಮೇಲೆ ಹೋಗುವವರು ಪಿಎಫ್ ಕಚೇರಿಯಿಂದ ವ್ಯಾಪ್ತಿ ಪ್ರಮಾಣಪತ್ರ ಪಡೆದರೆ ಜರ್ಮನಿಯ ಪಿಂಚಣಿ ಕಂತು ತಪ್ಪುತ್ತದೆ. ಎರಡು ದೇಶಗಳ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಆರೋಗ್ಯ ವಿಮೆಗೆ ಪ್ರತ್ಯೇಕ ಏರ್ಪಾಡು ಮಾಡಬೇಕು.

ಇಲ್ಲಿಯೇ ಹುರಿದು ಪ್ಯಾಕ್ ಮಾಡಿ ಕಳಿಸಿದರೆ ಲಾಭ ಹೆಚ್ಚಲ್ಲವೇ?

ಲೆಕ್ಕ ಹಾಕಿ ನೋಡಿ. ಹಸಿರು ಬೀಜಕ್ಕೆ ಯುರೋಪಿನಲ್ಲಿ ಆಮದು ಸುಂಕ ಇಲ್ಲ. ಹುರಿದದ್ದಕ್ಕೆ ಮೂಲ ಸುಂಕ 7.5 ಪ್ರತಿಶತ. ಭಾರತಕ್ಕೆ ಸಿಗುವ ರಿಯಾಯಿತಿ ದರವನ್ನು ಸರಕು ಹೊರಡುವ ದಿನ ಟಾರಿಕ್ ಎಂಬ ಯುರೋಪಿನ ಸುಂಕದ ಪಟ್ಟಿಯಲ್ಲಿ ನೋಡಬೇಕು. ಜೊತೆಗೆ ಜರ್ಮನಿಯಲ್ಲಿ ಕಾಫಿಗೆಂದೇ ಒಂದು ತೆರಿಗೆ ಇದೆ: ಹುರಿದ ಕಾಫಿಗೆ ಕೆ.ಜಿ.ಗೆ 2.19 ಯೂರೋ, ಇನ್‌ಸ್ಟಂಟ್‌ಗೆ 4.78. 250 ಗ್ರಾಂನ 500 ಪೊಟ್ಟಣ ಕಳಿಸಿದರೆ 125 ಕೆ.ಜಿ.ಗೆ 273.75 ಯೂರೋ, ಒಂದು ಪೊಟ್ಟಣವೂ ಮಾರಾಟವಾಗುವ ಮುಂಚೆಯೇ. ಚಿಕೋರಿ ಬೆರೆಸಿದ ನಮ್ಮ ಫಿಲ್ಟರ್ ಪುಡಿಗೂ ಕಾಫಿ ಅಂಶದ ಪ್ರಮಾಣ ನೋಡಿ ತೆರಿಗೆ ಉಂಟು. ಪೊಟ್ಟಣದ ಮೇಲೆ ಜರ್ಮನ್ ಲೇಬಲ್ ಇರಬೇಕು, ಮಾರುವ ಮೊದಲೇ ಲೂಸಿಡ್ ಎಂಬ ಪ್ಯಾಕೇಜಿಂಗ್ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಹುರಿದ ಕಾಫಿಯಲ್ಲಿ ಒಕ್ರಾಟಾಕ್ಸಿನ್ ಎ ಎಂಬ ಬೂಸ್ಟಿನ ವಿಷ ಕೆ.ಜಿ.ಗೆ 3 ಮೈಕ್ರೋಗ್ರಾಂ ದಾಟಬಾರದು. ಅಂಗಳದಲ್ಲಿ ಚೆರ್ರಿ ಸರಿಯಾಗಿ ಒಣಗದೆ ಬೂಸ್ಟು ಹಿಡಿದರೆ ಅದರ ಫಲ ಇಲ್ಲಿ ಕಾಣುತ್ತದೆ.

ಶುರುವಿನಲ್ಲಿ ಹಸಿರು ಬೀಜ ಕಳಿಸಿ, ಅಲ್ಲಿನ ರೋಸ್ಟರಿಯಲ್ಲಿ ಕೂಲಿಗೆ ಹುರಿಸಿ ನಿಮ್ಮ ಹೆಸರಲ್ಲಿ ಮಾರುವುದೇ ಹಗುರ. ಕಾಫಿಯೂ ತಾಜಾ ಇರುತ್ತದೆ.

ಅರಣ್ಯನಾಶದ ಕಾನೂನು ಖರೀದಿದಾರನ ಹೊಣೆ ಎಂದಿರಿ. ನಮ್ಮದೇ ಜಿಎಂಬಿಎಚ್ ಆದರೆ?

ಆಗ ಹೊಣೆ ನಿಮ್ಮದೇ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂಬ ಘೋಷಣೆಯನ್ನು ಮೊದಲ ಆಮದುದಾರರು ಸಲ್ಲಿಸಬೇಕು. ದೊಡ್ಡ, ಮಧ್ಯಮ ಸಂಸ್ಥೆಗಳಿಗೆ ಇದು 2026ರ ಡಿಸೆಂಬರ್ 30ರಿಂದ, ಮೊದಲೇ ಸ್ಥಾಪನೆಯಾಗಿದ್ದ ಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30ರಿಂದ ಅನ್ವಯ. ಈಗ ತೆರೆಯುವ ಕಂಪನಿ ಆ ಆರು ತಿಂಗಳ ರಿಯಾಯಿತಿ ನಂಬಿ ಕೂರಬಾರದು. ಯುರೋಪ್ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿಟ್ಟಿದೆ, ಆದರೂ ಜಾಗದ ವಿವರ ಕೊಡಲೇಬೇಕು.

ಪಹಣಿಯಲ್ಲಿರುವ ಸರ್ವೆ ನಂಬರು ಇದಕ್ಕೆ ಸಾಲದು. ನಾಲ್ಕು ಹೆಕ್ಟೇರ್ ದಾಟಿದ ತುಂಡಿಗೆ ಬೇಲಿಯ ಸುತ್ತ ನಡೆದು ಗುರುತಿಸಿದ ಗಡಿರೇಖೆ ಬೇಕು, ಅದಕ್ಕಿಂತ ಚಿಕ್ಕದಕ್ಕೆ ಆರು ದಶಮಾಂಶದ ಅಕ್ಷಾಂಶ, ರೇಖಾಂಶದ ಒಂದು ಬಿಂದು ಸಾಕು. ಅಕ್ಕಪಕ್ಕದ ಸಣ್ಣ ಬೆಳೆಗಾರರಿಂದ ಕೊಂಡು ಬೆರೆಸುವುದಾದರೆ ಅವರೆಲ್ಲರ ಜಾಗದ ಬಿಂದುಗಳೂ ಬೇಕು. ಕ್ಯೂರಿಂಗ್‌ನಲ್ಲಿ ಗುರುತಿಲ್ಲದ ಒಂದು ಲಾಟ್ ಬೆರೆತರೂ ಇಡೀ ಕಂಟೇನರ್ ಸಿಕ್ಕಿಬೀಳುತ್ತದೆ. ಮೂಟೆ ಲೋಡ್ ಆಗುವಾಗಲೇ ಲಾಟ್ ನಂಬರು ಬರೆಯುವ ಅಭ್ಯಾಸ ಈ ಹಂಗಾಮಿನಿಂದಲೇ ಶುರುವಾಗಲಿ.

ವರ್ಷಕ್ಕೊಮ್ಮೆ ಇಲ್ಲಿ ಏನೇನು ಸಲ್ಲಿಸಬೇಕು?

ಜರ್ಮನ್ ಕಂಪನಿಯ ವಾರ್ಷಿಕ ಸಾಧನಾ ವರದಿ ಡಿಸೆಂಬರ್ 31ರೊಳಗೆ ನಿಮ್ಮ ಬ್ಯಾಂಕಿಗೆ, ಹೂಡಿದ್ದು ಇಲ್ಲಿನ ಕಂಪನಿಯೋ ಎಲ್‌ಎಲ್‌ಪಿಯೋ ಆಗಿದ್ದರೆ ವಿದೇಶಿ ಆಸ್ತಿ ಹೊಣೆಗಳ ವಿವರ ಜುಲೈ 15ರೊಳಗೆ ರಿಸರ್ವ್ ಬ್ಯಾಂಕಿಗೆ. ಬಾಕಿ ಉಳಿದರೆ ಸರಿಪಡಿಸುವವರೆಗೆ ಮುಂದಿನ ಹಣ ಕಳಿಸಲು ಬಿಡುವುದಿಲ್ಲ. ಅಲ್ಲಿ ನೌಕರರ ಸಂಬಳದ ದಿನ ಹತ್ತಿರ ಬಂದಾಗ ಇದು ತಿಳಿಯುವುದು ಬಹಳ ಕೆಟ್ಟ ಗಳಿಗೆ. ನಿಮ್ಮ ಜಿಎಂಬಿಎಚ್‌ಗೆ ನೀವೇ ಕಾಫಿ ಮಾರುವ ದರ ಹೊರಗಿನವರಿಗೆ ಕೊಡುವ ದರದಂತೆಯೇ ಇರಬೇಕು. ಪ್ರತಿ ಲಾಟ್‌ಗೆ ಆ ದಿನದ ಮಾರುಕಟ್ಟೆ ದರದ ದಾಖಲೆ ಇಟ್ಟುಕೊಳ್ಳಿ, ಎರಡೂ ದೇಶದ ತೆರಿಗೆಯವರು ಕೇಳುತ್ತಾರೆ.

ಕೈಗೂಡದಿದ್ದರೆ ಮುಚ್ಚುವುದು ಹೇಗೆ?

ಮೊದಲು ನೌಕರರಿಗೆ ನೋಟಿಸ್, ಉಳಿದ ರಜೆಯ ಹಣ, ಸೇವಾ ಪ್ರಮಾಣಪತ್ರ. ಅವರ ಲೆಕ್ಕ ಚುಕ್ತಾ ಆಗದೆ ಉಳಿದದ್ದಕ್ಕೆ ಕೈ ಹಾಕಬೇಡಿ. ನಂತರ ನೋಟರಿಯ ಮುಂದೆ ವಿಸರ್ಜನೆಯ ಅರ್ಜಿ, ಕಂಪನಿಯಿಂದ ಹಣ ಬರಬೇಕಾದವರಿಗೆ ಸಾರ್ವಜನಿಕ ಪ್ರಕಟಣೆ. ಆ ಪ್ರಕಟಣೆಯಿಂದ ಒಂದು ವರ್ಷ ಷೇರುದಾರರಿಗೆ ಹಣ ಹಂಚುವಂತಿಲ್ಲ. ವರ್ಷ ಮುಗಿದು ಉಳಿದ ಬಂಡವಾಳ ನಿಮಗೆ ಬರಬೇಕಾದಾಗ ಅದನ್ನು 90 ದಿನದೊಳಗೆ ಭಾರತಕ್ಕೆ ತಂದು, ಬಂದ 30 ದಿನದೊಳಗೆ ಅದೇ ಬ್ಯಾಂಕಿನ ಮೂಲಕ ಫಾರ್ಮ್ ಎಫ್‌ಸಿಯಲ್ಲಿ ವರದಿ ಮಾಡಬೇಕು.